ಕಣಜದ ಲೆಕ್ಕ

ಬಿಕರ್ನಕಟ್ಟೆಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಪಡುವಣ ಕಿಟಕಿಯ ಚೌಕಟ್ಟಿನಲ್ಲಿ ಕಣಜದ ಹುಳುಗಳು ಗೂಡು ಕಟ್ಟಿದುವು. ಬೂದುಬಣ್ಣದ ಕಾಗದದಂತಹ ಗೂಡು, ಅಂಗೈಯಗಲವೂ ಇರಲಿಲ್ಲ. ಮನೆಯಾಕೆ ಹಿಡಿಸೂಡಿ ಹಿಡಿದು ಹೊರಟಳು. "ಇವತ್ತೊಂದು ದಿನ ಇರಲಿ" ಎಂದೆ. "ಮಕ್ಕಳಿಗೆ ಕಚ್ಚಿದರೆ ಮತ್ತೆ ನನ್ನಲ್ಲಿ ಹೇಳಬೇಡಿ" ಎಂದು ಒಳಗೆ ಹೋದಳು. ಆ ಒಂದು ದಿನ ಎರಡು ತಿಂಗಳಾಯಿತು. ಕನ್ನಡ ಪಾಠ ಹೇಳುವವನಿಗೆ ಹುಳುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದನ್ನು ಕೊನೆಗೆ ಹೇಳುತ್ತೇನೆ. ಇಂಥ ಹುಳುಗಳ ಹಿಂದೆಯೇ ಆಯುಷ್ಯದ ಬಹುಭಾಗವನ್ನು ಕಳೆದ ಬೆಂಗಳೂರಿನ ವಿಜ್ಞಾನಿಯೊಬ್ಬರ ಕಥೆ ಮೊದಲು ಬರಬೇಕು.

ಕಣಜಗಳ ಸಂಸಾರದಲ್ಲಿ ಒಂದು ಒಗಟಿದೆ. ಮೊಟ್ಟೆಯಿಡುವುದು ರಾಣಿಯೊಂದೇ, ಉಳಿದ ಹೆಣ್ಣುಗಳು ತಮ್ಮ ಸಂತಾನದ ಆಸೆ ಬಿಟ್ಟು ರಾಣಿಯ ಮಕ್ಕಳನ್ನು ಸಾಕುತ್ತವೆ. ತನ್ನ ಸಂತತಿಯನ್ನು ಹೆಚ್ಚಿಸಿಕೊಂಡ ಜೀವಿಯ ಗುಣವೇ ಮುಂದೆ ಉಳಿಯುವುದೆಂಬುದು ವಿಕಾಸವಾದದ ತಿರುಳಾದರೆ, ಈ ತ್ಯಾಗ ಎಲ್ಲಿಂದ ಬಂತು? ೧೮೫೯ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತು ಬರೆದ ಡಾರ್ವಿನ್ನನನ್ನೂ ಈ ಪ್ರಶ್ನೆ ಕಾಡಿತ್ತು. ರಕ್ತಸಂಬಂಧಿಗಳನ್ನು ಸಾಕುವುದೂ ತನ್ನ ವಂಶದ ಗುಣವನ್ನು ಮುಂದಕ್ಕೆ ಸಾಗಿಸುವ ದಾರಿಯೇ ಎಂದು ಹ್ಯಾಮಿಲ್ಟನ್ ೧೯೬೪ರಲ್ಲಿ ಗಣಿತದಿಂದ ತೋರಿಸಿದನು. ಗಣಿತವೇನೋ ಸಿದ್ಧವಾಯಿತು, ಗೂಡಿನ ಮುಂದೆ ಕುಳಿತು ನೋಡುವವರು ಬೇಕಾಗಿತ್ತು.

೧೯೭೦ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ರಾಘವೇಂದ್ರ ಗದಗ್ಕರ್ ಅವರ ಕಣ್ಣಿಗೆ ಕಾಲೇಜಿನ ಕಿಟಕಿಗಳಲ್ಲಿದ್ದ ಕಣಜದ ಗೂಡುಗಳು ಬಿದ್ದುವು. ಆದರೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೯ರಲ್ಲಿ ಡಾಕ್ಟರೇಟ್ ಪಡೆದುದು ಅಣುಜೀವಶಾಸ್ತ್ರದಲ್ಲಿ. ಹೊಟ್ಟೆಪಾಡಿನ ವಿದ್ಯೆ ಅದಾದರೆ, ಬಿಡುವಿನ ವೇಳೆಯ ಹವ್ಯಾಸ ಕಣಜ. ಕೊನೆಗೆ ಗೆದ್ದುದು ಹವ್ಯಾಸವೇ.

ಉಪಕರಣಗಳೇನೂ ದೊಡ್ಡವಲ್ಲ. ಬೇಗ ಒಣಗುವ ಬಣ್ಣದ ಚುಕ್ಕೆಗಳನ್ನಿಟ್ಟು ಒಂದೊಂದು ಹುಳುವಿಗೂ ಗುರುತು ಮಾಡುವುದು. ಗೊತ್ತಾದ ಹೊತ್ತಿಗೆ ಯಾವ ಹುಳು ಏನು ಮಾಡುತ್ತಿದೆಯೆಂದು ಬರೆದುಕೊಳ್ಳುವುದು. ಹಾಗೆ ಗಂಟೆಗಟ್ಟಲೆ, ದಿನಗಟ್ಟಲೆ. ಅಂಕಿಗಳ ರಾಶಿ ಬೆಳೆದ ಮೇಲೆ ಸಂಖ್ಯಾಶಾಸ್ತ್ರದ ಪಾಳಿ ಬಂತು. ೧೯೮೩ರಲ್ಲಿ ಗದಗ್ಕರ್ ಮತ್ತು ಎನ್. ವಿ. ಜೋಶಿ, ಹಲವು ನಡತೆಗಳನ್ನು ಏಕಕಾಲಕ್ಕೆ ತೂಗಿ ನೋಡುವ ಗಣಿತಕ್ರಮದಿಂದ ಆ ರಾಶಿಯನ್ನು ಕೇರಿದರು. ನೋಡಲು ಒಂದೇ ತೆರನಾದ ಹುಳುಗಳು ಮೂರು ಪಂಗಡಗಳಾಗಿ ನಿಂತುವು: ಸುಮ್ಮನೆ ಕೂರುವವು, ಜಗಳವಾಡುವವು, ಹೊರಗೆ ಹೋಗಿ ಮೇವು ತರುವವು. ರಾಣಿ ಜಗಳಗಂಟಿಯಿರಬೇಕೆಂದು ಯಾರೂ ಊಹಿಸುವರು. ರೊಪಾಲಿಡಿಯ ಮಾರ್ಜಿನೇಟ ಎಂಬ ಈ ಜಾತಿಯಲ್ಲಿ ಆಕೆ ಸುಮ್ಮನೆ ಕೂರುವವರ ಸಾಲಿನಲ್ಲಿದ್ದಳು! ಗಣಿತವಿಲ್ಲದೆ ಈ ವಿಂಗಡಣೆ ಕಾಣುತ್ತಿರಲಿಲ್ಲ. ಚುಕ್ಕೆಯಿಟ್ಟು ಕಾದವರಿಲ್ಲದೆ ಗಣಿತಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಈ ಸಾಧು ರಾಣಿಯನ್ನು ತೆಗೆದರೆ ಒಂದು ಹುಳು ಒಮ್ಮೆಲೇ ಉಗ್ರವಾಗಿ, ಕೆಲವು ದಿನಗಳಲ್ಲಿ ತಾನೇ ರಾಣಿಯಾಗುತ್ತದೆ. ಆ ಉತ್ತರಾಧಿಕಾರಿ ಯಾರೆಂದು ಮೊದಲೇ ಹೇಳುವುದು ಸಂಶೋಧಕರಿಗೆ ಸಾಧ್ಯವಾಗಲಿಲ್ಲ. ಹುಳುಗಳಿಗಾದರೂ ಗೊತ್ತಿದೆಯೇ? ಗದಗ್ಕರ್ ಮತ್ತು ಅನಿಂದಿತಾ ಭದ್ರ ಇದಕ್ಕೆ ಉತ್ತರವನ್ನು ೨೦೦೮ರಲ್ಲಿ ಪ್ರಕಟಿಸಿದರು. ಗೂಡನ್ನು ಎರಡು ಭಾಗ ಮಾಡಿ ನಡುವೆ ತಂತಿಬಲೆ ಕಟ್ಟಿ, ರಾಣಿಯನ್ನು ಒಂದು ಕಡೆ ಬಿಟ್ಟರು. ರಾಣಿಯಿಲ್ಲದ ಕಡೆ ಒಬ್ಬ ಹಕ್ಕುದಾರಳು ಎದ್ದಳು. ಬಳಿಕ ಸ್ಥಳ ಬದಲಿಸಿದರು. ಕೆಲವೊಮ್ಮೆ ಆ ಮೊದಲನೆಯವಳನ್ನೇ ಇನ್ನೊಂದು ಕಡೆಯವರೂ ಒಪ್ಪಿದರು; ಕೆಲವೊಮ್ಮೆ ಅಲ್ಲಿ ಎರಡನೆಯವಳು ಎದ್ದಳು, ಅವಳನ್ನು ಎರಡೂ ಕಡೆ ಒಪ್ಪಿದರು. ಮೂರನೆಯವಳು ಎಂದೂ ಏಳಲಿಲ್ಲ. ವಾರಸುದಾರಳು ಯಾರೆಂದು ಹುಳುಗಳಿಗೆ ತಿಳಿದೇ ಇತ್ತು, ತಿಳಿಯದಿದ್ದುದು ಮನುಷ್ಯರಿಗೆ.

೨೦೨೧ರಲ್ಲಿ ಗದಗ್ಕರ್ ಪ್ರಾಣಿಗಳ ನಡತೆಯ ಪ್ರಯೋಗಗಳನ್ನು ಕುರಿತ ಗ್ರಂಥವೊಂದನ್ನು ಹೊರತಂದರು. ಅಲ್ಪ ಖರ್ಚಿನಲ್ಲಿಯೂ ಮೊದಲ ದರ್ಜೆಯ ಸಂಶೋಧನೆ ಸಾಧ್ಯ ಎಂಬುದೇ ಅದರ ವಾದ. ೧೯೫೭ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ತೀರಿಕೊಂಡ ಹಾಲ್ಡೇನ್ ಕೂಡ ಇದೇ ದಾರಿಯವನು. ಅವನ ಶಿಷ್ಯರೊಬ್ಬರು ಪಾರಿಜಾತದ ಹೂವಿನ ಎಸಳುಗಳನ್ನೆಣಿಸಿ ಸಂಶೋಧನೆ ಮಾಡಿದರು. ಇಂದು ಕೀಟದ ಬೆನ್ನಿಗೆ ಗುರುತಿನ ಚೀಟಿ ಅಂಟಿಸಿದರೆ ಕ್ಯಾಮೆರಾವೂ ಕಂಪ್ಯೂಟರೂ ಹಗಲಿರುಳು ಅದನ್ನು ಹಿಂಬಾಲಿಸಬಲ್ಲವು. ಅದು ಸಣ್ಣ ಲಾಭವಲ್ಲ. ಆದರೆ ಗೂಡಿನ ನಡುವೆ ತಂತಿಬಲೆ ಕಟ್ಟಿ ನೋಡಬೇಕೆಂಬ ಯೋಚನೆ ಕ್ಯಾಮೆರಾದಿಂದ ಹುಟ್ಟುವಂಥದಲ್ಲ.

ಈಗ ನನ್ನ ಗೊಡವೆ. ಇಪ್ಪತ್ತು ವರ್ಷಗಳಿಂದ ನಾನು ಹಳೆಯ ಪುಸ್ತಕಗಳ ಶಬ್ದಗಳನ್ನು ಚೀಟಿಗಳಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬುತ್ತಿದ್ದೇನೆ. ಅವೇ ಪುಸ್ತಕಗಳನ್ನು ಕಂಪ್ಯೂಟರಿಗೆ ಊಡಿದ ನನ್ನ ವಿದ್ಯಾರ್ಥಿನಿಯೊಬ್ಬಳು ಕಣಜ ಎಂಬ ಶಬ್ದ ಎಲ್ಲೆಲ್ಲಿದೆಯೆಂದು ಕ್ಷಣದಲ್ಲಿ ತೋರಿಸಿದಳು. ನನ್ನ ಚೀಟಿಗಳಿಗೆ ತಪ್ಪಿಹೋಗಿದ್ದ ಪ್ರಯೋಗಗಳೂ ಅದರಲ್ಲಿದ್ದುವು. ಅಂದು ಡಬ್ಬಿಗಳ ಮುಚ್ಚಳ ತೆರೆಯಲು ಮನಸ್ಸಾಗಲಿಲ್ಲ. ಮರುದಿನ ಪಟ್ಟಿಯನ್ನು ಓದತೊಡಗಿದೆ. ಭತ್ತ ತುಂಬುವ ಕಣಜವೂ ಕಚ್ಚುವ ಕಣಜವೂ ಒಂದೇ ರಾಶಿಯಲ್ಲಿ ಬಿದ್ದಿದ್ದುವು. ಗುರುಶಿಷ್ಯರಿಬ್ಬರೂ ಕುಳಿತು ಬೇರ್ಪಡಿಸಿದೆವು. ಒಂದು ಸಾಲಿನಲ್ಲಿ ಮಾತ್ರ ಯಾವ ಕಣಜವೆಂದು ತೀರ್ಮಾನವಾಗಲಿಲ್ಲ. "ಬರೆದವನಿಗೆ ಗೊತ್ತಿತ್ತು, ಸರ್" ಎಂದಳು ಆಕೆ. ಆ ಸಾಲಿಗಾಗಿ ಹೊಸ ಚೀಟಿಯೊಂದನ್ನು ಬರೆದು ಡಬ್ಬಿಯಲ್ಲಿಟ್ಟಿದ್ದೇನೆ.

ಕಿಟಕಿಯ ಗೂಡು ಈಗ ಬರಿದಾಗಿದೆ. ಮನೆಯಾಕೆ ಹಿಡಿಸೂಡಿಯನ್ನು ಇನ್ನೂ ತಂದಿಲ್ಲ.