ಬಂಗಾಲದ ಕ್ಷಾಮವೂ ಚಲಚ್ಚಿತ್ರಗಳಲ್ಲಿನ ಕರುಣರಸವೂ

ಕರುಣರಸಕ್ಕೆ ಶೋಕವೇ ಸ್ಥಾಯಿಯೆಂಬುದು ಭರತಮುನಿಯ ಕಾಲದಿಂದಲೂ ಸರ್ವಸಮ್ಮತವಾದ ವಿಷಯ. ಆದರೆ ಆ ಶೋಕವು ಪ್ರೇಕ್ಷಕನಲ್ಲಿ ಏನಾಗಿ ಪರಿಣಮಿಸುವುದೆಂಬಲ್ಲಿ ಆಲಂಕಾರಿಕರಿಗೆ ಐಕಮತ್ಯವಿಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಕರುಣವೂ ಆನಂದರೂಪವೇ ಎನ್ನುತ್ತಾನೆ. ಸಹೃದಯರ ಅನುಭವವೇ ಇದಕ್ಕೆ ಪ್ರಮಾಣವೆಂದೂ, ಅದು ಕೇವಲ ದುಃಖವಾಗಿದ್ದರೆ ಯಾರೂ ಅತ್ತ ಮುಖವಿಡುತ್ತಿರಲಿಲ್ಲವೆಂದೂ ಅವನ ವಾದ. ಅವನಿಗಿಂತ ಹಿಂದೆ, ೧೨ನೆಯ ಶತಮಾನದಲ್ಲಿ, ನಾಟ್ಯದರ್ಪಣವನ್ನು ರಚಿಸಿದ ಜೈನವಿದ್ವಾಂಸರಾದ ರಾಮಚಂದ್ರ-ಗುಣಚಂದ್ರರು ಕರುಣವನ್ನು ದುಃಖಾತ್ಮಕವೆಂದೇ ಬಗೆದು, ಅಲ್ಲಿ ತೋರುವ ಚಮತ್ಕಾರವು ಕವಿ-ನಟರ ಕೌಶಲದಿಂದ ಬಂದುದೆಂದರು. ಪುರಾಣಪುರುಷರ ವಿಯೋಗವು ವಿಭಾವವಾಗಿದ್ದಷ್ಟು ಕಾಲ ಇದು ಶಾಸ್ತ್ರವಿಚಾರವಾಗಿಯೇ ಉಳಿಯಿತು. ನಿನ್ನೆ ಮೊನ್ನೆ ಸತ್ತವರ ಹಸಿವೇ ವಿಭಾವವಾದೊಡನೆ ಇದು ಧರ್ಮವಿಚಾರವೂ ಆಗುತ್ತದೆ. ೧೯೪೩ರ ಬಂಗಾಲದ ಕ್ಷಾಮವನ್ನು ಕುರಿತ ಚಲಚ್ಚಿತ್ರಗಳ ಚರಿತ್ರೆ ಇದಕ್ಕೆ ನಿದರ್ಶನ.

ಆ ಕ್ಷಾಮವು ಮಳೆಯ ಅಭಾವದಿಂದ ಒದಗಿದುದಲ್ಲ. ೧೯೪೨ರಲ್ಲಿ ಬರ್ಮಾದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ದೊರೆಯಬಾರದೆಂದು ಸರಕಾರವು ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತು. ಅದೇ ವರ್ಷದ ಅಕ್ಟೋಬರಿನ ಚಂಡಮಾರುತವು ಮೇದಿನೀಪುರ ಪ್ರಾಂತವನ್ನು ಹಾಳುಗೆಡವಿತು. ಯುದ್ಧಕಾಲದ ವೆಚ್ಚದಿಂದ ಬೆಲೆಗಳು ಏರಿದುವು. ಸತ್ತವರು ಸುಮಾರು ೧೫ ಲಕ್ಷವೆಂದು ೧೯೪೫ರ ವಿಚಾರಣಾ ಆಯೋಗವು ಎಣಿಸಿತು. ಅನಂತರದ ವಿದ್ವಾಂಸರಲ್ಲಿ ಹಲವರು ೩೦ ಲಕ್ಷದವರೆಗೂ ಹೇಳುತ್ತಾರೆ. ಧಾನ್ಯದ ಕೊರತೆಗಿಂತ ಕೂಲಿಗಾರರಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲದಾದುದೇ ಮುಖ್ಯಕಾರಣವೆಂದು ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಈ ದುಃಖವನ್ನು ಮೊದಲು ಎತ್ತಿಕೊಂಡುದು ರಂಗಭೂಮಿ. ಬಿಜನ್ ಭಟ್ಟಾಚಾರ್ಯರ 'ನವಾನ್ನ' ನಾಟಕವನ್ನು ಭಾರತೀಯ ಜನನಾಟ್ಯಸಂಘದವರು ೧೯೪೪ರಲ್ಲಿ ಆಡಿದರು. ಅದನ್ನೂ ಕೃಷ್ಣಚಂದರರ 'ಅನ್ನದಾತಾ' ಎಂಬ ಕಥೆಯನ್ನೂ ಆಶ್ರಯಿಸಿ ಖ್ವಾಜಾ ಅಹಮದ್ ಅಬ್ಬಾಸರು ೧೯೪೬ರಲ್ಲಿ 'ಧರತೀ ಕೇ ಲಾಲ್' ಎಂಬ ಹಿಂದೀ ಚಿತ್ರವನ್ನು ನಿರ್ಮಿಸಿದರು. ನೆಲವನ್ನು ಕಳೆದುಕೊಂಡ ರೈತಕುಟುಂಬವು ಕಲ್ಕತ್ತೆಗೆ ಬಂದು ಬೀದಿಪಾಲಾಗುತ್ತದೆ. ಸೊಸೆಯು ಅನ್ನಕ್ಕಾಗಿ ದೇಹವನ್ನು ಮಾರುತ್ತಾಳೆ. ಉಳಿದವರು ಊರಿಗೆ ಮರಳಿ ಕೂಡಿ ಬೇಸಾಯಮಾಡುತ್ತಾರೆ. ಗಾಯವು ಇನ್ನೂ ಹಸಿಯಾಗಿದ್ದಾಗ ಹುಟ್ಟಿದ ಕೃತಿಯಾದುದರಿಂದ ಇಲ್ಲಿ ಶೋಕವು ಉತ್ಸಾಹದಲ್ಲಿ ಮುಗಿಯುತ್ತದೆ.

ಸತ್ಯಜಿತ್ ರಾಯರು ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯಿಂದ ರೂಪಿಸಿದ 'ಅಶನಿ ಸಂಕೇತ'ವು ೧೯೭೩ರಲ್ಲಿ ಬಂದು ಬರ್ಲಿನ್ ಉತ್ಸವದಲ್ಲಿ ಪರಮಪ್ರಶಸ್ತಿಯನ್ನು ಪಡೆಯಿತು. ಇದರ ನಾಯಕ ಗಂಗಾಚರಣನು ಹಳ್ಳಿಯ ಪುರೋಹಿತ, ಉಪಾಧ್ಯಾಯ, ವೈದ್ಯ. ತನ್ನ ಅಲ್ಪವಿದ್ಯೆಯನ್ನು ಊರವರ ಅಜ್ಞಾನದ ಮೇಲೆ ಮಾರಿ ಸುಖವಾಗಿರುವವನು. ಅಕ್ಕಿ ಮಾಯವಾದಂತೆ ಅವನ ವಿದ್ಯೆಗೂ ಬೆಲೆಯಿಲ್ಲದಾಗುತ್ತದೆ. ಕಡೆಯಲ್ಲಿ ಅಸ್ಪೃಶ್ಯಳೆನಿಸಿದ ಮೋತಿಯು ಮರದಡಿ ಹಸಿವಿನಿಂದ ಸತ್ತಾಗ, ಇತರರು ಹಿಂಜರಿಯುವಲ್ಲಿ ಈ ಬ್ರಾಹ್ಮಣನು ಅವಳ ಕೈಯನ್ನು ಹಿಡಿದು ನಾಡಿಯನ್ನು ನೋಡುತ್ತಾನೆ. ಸಂಸ್ಕಾರವನ್ನು ತಾನೇ ನಡೆಸಲು ನಿಶ್ಚಯಿಸುತ್ತಾನೆ. ಕ್ಷಾಮಚಿತ್ರಕ್ಕೆ ಇಷ್ಟು ಸುಂದರವಾದ ವರ್ಣಗಳು ತಕ್ಕವೇ ಎಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಗದ್ದೆ ಹಸುರಾಗಿದ್ದಂತೆಯೇ ಜನರು ಸತ್ತರೆಂಬುದೇ ಈ ಕ್ಷಾಮದ ಸತ್ಯವಾದುದರಿಂದ ಆಕ್ಷೇಪವು ನಿಲ್ಲುವುದಿಲ್ಲ.

ಮೃಣಾಲ್ ಸೇನರ 'ಅಕಾಲೇರ್ ಸಂಧಾನೆ' (೧೯೮೦) ಪ್ರಶ್ನೆಯನ್ನು ಪ್ರೇಕ್ಷಕನ ಕಡೆಗೇ ತಿರುಗಿಸಿತು. ೧೯೪೩ರ ಕ್ಷಾಮವನ್ನು ಚಿತ್ರಿಸಲು ನಗರದ ತಂಡವೊಂದು ಹಳ್ಳಿಗೆ ಬರುತ್ತದೆ. ಕ್ಷಾಮಪೀಡಿತರ ಛಾಯಾಚಿತ್ರಗಳನ್ನು ತೋರಿಸಿ, ಇದು ಯಾವ ವರ್ಷದ್ದೆಂದು ಊಹಿಸುವ ಆಟವನ್ನು ನಟರು ಆಡುತ್ತಾರೆ. ಇವರ ಕೊಳ್ಳುವಿಕೆಯಿಂದ ಊರಿನ ಸಂತೆಯಲ್ಲಿ ಬೆಲೆಗಳು ಏರುತ್ತವೆ. ಒಂದು ದೃಶ್ಯದಲ್ಲಿ, ಹೆಂಡತಿಯು ದೇಹವನ್ನು ಕೊಟ್ಟು ತಂದ ಅಕ್ಕಿಯನ್ನು ಕಂಡು ಗಂಡನು ಕೋಪದಿಂದ ಮಗುವನ್ನು ಎತ್ತುತ್ತಾನೆ. ನೋಡುತ್ತಿದ್ದ ಹಳ್ಳಿಯ ಬಡಹೆಂಗಸು ದುರ್ಗೆಯು ಚೀರಿಬಿಡುತ್ತಾಳೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು, ಎಂದರೆ ಭಾವವು ಸ್ವಪರಸಂಬಂಧವನ್ನು ಕಳಚಿಕೊಂಡು ಆಸ್ವಾದ್ಯವಾಗುವುದು, ಅವಳಲ್ಲಿ ನಡೆಯಲಿಲ್ಲ. ತಂಡವು ಕೆಲಸವನ್ನು ಬಿಟ್ಟು ಹಿಂದಿರುಗುತ್ತದೆ; ದುರ್ಗೆಯ ಮಗು ಸತ್ತು, ಗಂಡನು ಕಾಣೆಯಾಗಿ, ಅವಳೊಬ್ಬಳೇ ಉಳಿದಳೆಂದು ಚಿತ್ರವು ತಿಳಿಸಿ ಮುಗಿಯುತ್ತದೆ.

ಈ ಮೂರನ್ನು ಒಟ್ಟಿಗೆ ಪರಿಶೀಲಿಸಿದರೆ ವಿಶ್ವನಾಥನ ವಾದವು ಇಲ್ಲಿ ಪೂರ್ಣವಾಗಿ ಸಲ್ಲದೆಂದು ವ್ಯಕ್ತವಾಗುತ್ತದೆ. ಹಸಿದವನ ನೋವು ಉಂಡವನಿಗೆ ಆಸ್ವಾದ್ಯವಾಗಿ ಅಷ್ಟಕ್ಕೇ ನಿಂತರೆ ಅದು ಛಾಯಾಚಿತ್ರದ ಆಟಕ್ಕಿಂತ ಹೆಚ್ಚಲ್ಲ. ಆದರೆ ಅದೇ ವಿಶ್ವನಾಥನು ವೀರರಸದ ಭೇದಗಳಲ್ಲಿ ದಯಾವೀರವನ್ನು ಎಣಿಸಿ ಜೀಮೂತವಾಹನನನ್ನು ಉದಾಹರಿಸಿರುವುದನ್ನು ಮರೆಯಬಾರದು. ಹರ್ಷನ ನಾಗಾನಂದದಲ್ಲಿ ಶಂಖಚೂಡನ ತಾಯಿಯ ರೋದನವು ಕರುಣ. ಅದನ್ನು ಕೇಳಿದ ಜೀಮೂತವಾಹನನು ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸುವುದು ದಯಾವೀರ. ಮೊದಲನೆಯದಕ್ಕೆ ಶೋಕವೂ ಎರಡನೆಯದಕ್ಕೆ ಉತ್ಸಾಹವೂ ಸ್ಥಾಯಿ. ಜೀಮೂತವಾಹನನೂ ಮೊದಲು ಶ್ರೋತೃವೇ ಆಗಿದ್ದನಷ್ಟೆ. ಗಂಗಾಚರಣನು ಮೋತಿಯ ಕೈಯನ್ನು ಹಿಡಿದ ಕ್ಷಣದಲ್ಲಿ ನಡೆದುದೂ ಇದೇ ಸಂಕ್ರಮಣ. ಸೇನರ ಚಿತ್ರದ ತಂಡದಲ್ಲಿ ನಡೆಯದೆ ಹೋದುದೂ ಇದೇ. ಆದುದರಿಂದ ಲೋಕದುಃಖವನ್ನು ತೋರುವ ಚಿತ್ರವನ್ನು ವಿಮರ್ಶಿಸುವವರು ಅದು ಎಷ್ಟು ಕಣ್ಣೀರನ್ನು ತರಿಸಿತೆಂಬುದನ್ನಲ್ಲ, ಶೋಕವನ್ನು ಉತ್ಸಾಹದ ಹೊಸ್ತಿಲವರೆಗೆ ಕರೆತಂದಿತೇ ಎಂಬುದನ್ನು ನೋಡತಕ್ಕದ್ದು.