ಎಲ್ಲರಿಗೂ ಒಂದೇ ಪಾಠಪುಸ್ತಕ: ಅಷ್ಟಕ್ಕೇ ಸಮಾನತೆ ಬರುತ್ತಾ?

ಇವತ್ತಿನ ಕಂತಿನಲ್ಲಿ ನಾನು ಹೇಳೋದು ಅಮೆರಿಕದ ಒಂದು ಕೋರ್ಟ್ ಕೇಸಿನ ಕಥೆ. ತೀರ್ಪು ಬಂದು ಐವತ್ತು ವರ್ಷ ದಾಟಿದೆ, ಆದರೆ ಅದು ಎತ್ತಿದ ಪ್ರಶ್ನೆ ಇನ್ನೂ ಬಿಸಿಯಾಗಿಯೇ ಇದೆ. ಎಲ್ಲ ಮಕ್ಕಳಿಗೂ ಒಂದೇ ಶಾಲೆ, ಒಂದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟರೆ ಸಮಾನತೆ ಬಂದ ಹಾಗೇನಾ?

ಊರು ಸ್ಯಾನ್ ಫ್ರಾನ್ಸಿಸ್ಕೊ. 1965ರಲ್ಲಿ ಅಮೆರಿಕ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಚೀನಾ ಮೂಲದ ಕುಟುಂಬಗಳು ಹೆಚ್ಚು ಹೆಚ್ಚಾಗಿ ಅಲ್ಲಿಗೆ ಬಂದವು. ಅವರ ಮಕ್ಕಳು ಸರ್ಕಾರಿ ಶಾಲೆಗೆ ಸೇರಿದರು. ಇಂಗ್ಲಿಷ್ ಬಾರದ ಅಂಥ ಮಕ್ಕಳ ಸಂಖ್ಯೆ 2,856 ಅಂತ ಕೋರ್ಟ್ ದಾಖಲೆ ಹೇಳುತ್ತೆ. ಅವರಲ್ಲಿ ಸುಮಾರು 1,000 ಮಕ್ಕಳಿಗೆ ಹೆಚ್ಚುವರಿ ಇಂಗ್ಲಿಷ್ ಪಾಠ ಸಿಗುತ್ತಿತ್ತು. ಉಳಿದ ಸುಮಾರು 1,800 ಮಕ್ಕಳು ಅರ್ಥವಾಗದ ಭಾಷೆಯ ಪಾಠ ಕೇಳ್ತಾ ಸುಮ್ಮನೆ ಕೂತಿರಬೇಕಿತ್ತು.

ಇಲ್ಲಿ ಒಂದು ವಿಚಿತ್ರ ನೋಡಿ. ಕ್ಯಾಲಿಫೋರ್ನಿಯಾದ ಆಗಿನ ಕಾನೂನಿನ ಪ್ರಕಾರ 6ರಿಂದ 16 ವರ್ಷದ ಮಕ್ಕಳು ಶಾಲೆಗೆ ಬರಲೇಬೇಕಿತ್ತು. ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ 12ನೇ ತರಗತಿಯ ಡಿಪ್ಲೊಮಾ ಸಿಗುತ್ತಿರಲಿಲ್ಲ. ಹಾಗಾದ್ರೆ ಆ ಇಂಗ್ಲಿಷನ್ನು ಕಲಿಸೋರು ಯಾರು? ಅದು ನಮ್ಮ ಜವಾಬ್ದಾರಿ ಅಲ್ಲ ಅಂತ ಶಾಲಾ ಆಡಳಿತ ವಾದಿಸಿತು.

1970ರಲ್ಲಿ ಪೋಷಕರು ಕೋರ್ಟಿಗೆ ಹೋದರು. ಇದೇ ‘ಲಾವ್ ವರ್ಸಸ್ ನಿಕೋಲ್ಸ್’ ಪ್ರಕರಣ. ಕೆಳಗಿನ ಎರಡೂ ಕೋರ್ಟ್‌ಗಳಲ್ಲಿ ಸೋಲು. ಪ್ರತಿ ಮಗುವೂ ತನ್ನ ಮನೆ, ಹಿನ್ನೆಲೆಯ ಅನುಕೂಲ ಅನನುಕೂಲಗಳನ್ನು ಹೊತ್ತುಕೊಂಡೇ ಶಾಲೆಗೆ ಬರುತ್ತೆ, ಅದಕ್ಕೆ ಶಾಲೆ ಕಾರಣ ಅಲ್ಲ ಅನ್ನೋದು ಮೇಲ್ಮನವಿ ಕೋರ್ಟಿನ ನಿಲುವಾಗಿತ್ತು.

1974ರ ಜನವರಿ 21ರಂದು ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಒಂಬತ್ತೂ ನ್ಯಾಯಮೂರ್ತಿಗಳು ಮಕ್ಕಳ ಪರ. ತೀರ್ಪು ಬರೆದವರು ವಿಲಿಯಂ ಡಗ್ಲಸ್. ಇಂಗ್ಲಿಷೇ ಬಾರದ ಮಗುವಿಗೆ ಎಲ್ಲರಿಗೂ ಕೊಟ್ಟ ಪುಸ್ತಕವನ್ನೇ ಕೊಟ್ಟು ಕೂರಿಸಿದರೆ ಅದು ಸಮಾನತೆ ಅಲ್ಲ, ಆ ಮಗುವಿಗೆ ಶಿಕ್ಷಣದ ಬಾಗಿಲೇ ಮುಚ್ಚಿದ ಹಾಗೆ ಅನ್ನೋದು ಅವರ ವಾದದ ತಿರುಳು. ಆಧಾರ 1964ರ ನಾಗರಿಕ ಹಕ್ಕುಗಳ ಕಾಯ್ದೆ. ಕೇಂದ್ರದ ಹಣ ಪಡೆಯುವ ಸಂಸ್ಥೆ ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ.

ಆದರೆ ಒಂದು ಮಾತು ಗಮನಿಸಿ. ಚೀನಿ ಭಾಷೆಯಲ್ಲೇ ಪಾಠ ಮಾಡಿ ಅಂತ ಕೋರ್ಟ್ ಹೇಳಲಿಲ್ಲ. ಇಂಗ್ಲಿಷ್ ಕಲಿಸೋದು ಒಂದು ದಾರಿ, ಚೀನಿ ಭಾಷೆಯಲ್ಲಿ ಪಾಠ ಇನ್ನೊಂದು ದಾರಿ, ಬೇರೆ ದಾರಿಗಳೂ ಇರಬಹುದು ಅಂದಿತು. ಅದಕ್ಕೂ ಮೊದಲು, 1968ರಲ್ಲಿ ಬಂದಿದ್ದ ದ್ವಿಭಾಷಾ ಶಿಕ್ಷಣ ಕಾಯ್ದೆ ಕೂಡ ಇಷ್ಟವಿದ್ದ ಶಾಲೆಗಳಿಗೆ ಅನುದಾನ ಕೊಡುತ್ತಿತ್ತೇ ಹೊರತು ಯಾರನ್ನೂ ಕಡ್ಡಾಯ ಮಾಡಿರಲಿಲ್ಲ. ಅಂದ್ರೆ ಕಡ್ಡಾಯವಾಗಿದ್ದು ‘ಏನಾದರೂ ಮಾಡಿ’ ಅನ್ನೋದು ಮಾತ್ರ. 1974ರಲ್ಲೇ ಸಂಸತ್ತು ಇನ್ನೊಂದು ಕಾಯ್ದೆ ತಂದು, ಭಾಷೆಯ ಅಡ್ಡಿ ದಾಟಿಸಲು ಶಾಲೆಗಳು ಸೂಕ್ತ ಕ್ರಮ ತಗೋಬೇಕು ಅಂತ ಬರೆಯಿತು.

ಸರಿ, ಸೂಕ್ತ ಅಂದ್ರೆ ಯಾವುದು? 1981ರಲ್ಲಿ ಟೆಕ್ಸಾಸ್‌ನ ರೇಮಂಡ್‌ವಿಲ್ ಊರಿನ ‘ಕಾಸ್ಟನ್ಯೇಡಾ’ ಪ್ರಕರಣದಲ್ಲಿ ಕೋರ್ಟ್ ಮೂರು ಪ್ರಶ್ನೆ ಇಟ್ಟಿತು. ಕಲಿಸುವ ವಿಧಾನಕ್ಕೆ ತಜ್ಞರು ಒಪ್ಪುವ ಬುನಾದಿ ಇದೆಯಾ? ಅದಕ್ಕೆ ಬೇಕಾದ ಶಿಕ್ಷಕರು, ಸಾಮಗ್ರಿ ಒದಗಿಸಿದ್ದೀರಾ? ಸ್ವಲ್ಪ ಕಾಲದ ಮೇಲೆ ಮಕ್ಕಳು ನಿಜವಾಗಿ ಕಲಿತರಾ?

ಯಾವ ದಾರಿ ಅನ್ನೋ ಜಗಳ ಮಾತ್ರ ಮುಗಿಯಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 227’ಕ್ಕೆ ಸುಮಾರು 61% ಮತ ಹಾಕಿ ದ್ವಿಭಾಷಾ ತರಗತಿಗಳಿಗೆ ಕಡಿವಾಣ ಹಾಕಿದರು. 2016ರಲ್ಲಿ ಅದೇ ರಾಜ್ಯದ ಮತದಾರರು, 70%ಗೂ ಹೆಚ್ಚು ಜನ, ‘ಪ್ರೊಪೊಸಿಷನ್ 58’ ಮೂಲಕ ಆ ಕಡಿವಾಣದ ಬಹುಭಾಗ ತೆಗೆದುಹಾಕಿದರು.

ನಮ್ಮ ಸಂವಿಧಾನದಲ್ಲೂ ಇದಕ್ಕೆ ಹತ್ತಿರದ ಒಂದು ವಿಧಿ ಇದೆ. ಭಾಷಾವಾರು ರಾಜ್ಯಗಳಾದ 1956ರಲ್ಲೇ ಸೇರಿದ 350ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಅನ್ನುತ್ತೆ ಅದು. ಕಾಸರಗೋಡಿನ ಕನ್ನಡದ ಮಗುವಿಗೂ, ಬೆಳಗಾವಿಯ ಮರಾಠಿ ಮಗುವಿಗೂ ಇದು ಅನ್ವಯ. ಅಮೆರಿಕದ ಕಾನೂನಿನ ಗುರಿ ಮಗುವನ್ನು ಇಂಗ್ಲಿಷ್‌ಗೆ ದಾಟಿಸೋದು, ನಮ್ಮದರ ಗುರಿ ತಾಯ್ನುಡಿ ಉಳಿಸಿ ಕಲಿಸೋದು.

ನನಗೆ ಆ ಮೂರು ಪ್ರಶ್ನೆಗಳು ಇಷ್ಟ, ಯಾಕಂದ್ರೆ ಅವು ಭಾಷೆಯ ಅಭಿಮಾನವನ್ನಲ್ಲ, ಮಗುವಿನ ಕಲಿಕೆಯನ್ನು ಅಳೆಯುತ್ತವೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗು, ಕನ್ನಡವೂ ಇಂಗ್ಲಿಷೂ ಬಾರದೆ ಸರ್ಕಾರಿ ಶಾಲೆಯ ಕೊನೇ ಬೆಂಚಲ್ಲಿ ಕೂತಿದ್ದರೆ, ಅದಕ್ಕೆ ಪಾಠ ಅರ್ಥ ಆಗ್ತಿದೆಯಾ ಅಂತ ನೋಡೋ ಜವಾಬ್ದಾರಿ ಯಾರದ್ದು? ನಿಮ್ಮ ಕ್ಲಾಸಲ್ಲೂ ಅಂಥ ಗೆಳೆಯರಿದ್ದರಾ? ನಮಗೆ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.