ಫ್ಯಾಕ್ಟ್‌ಚೆಕ್: ಗೀಸರ್‌ನ ಹೊಗೆಕೊಳವೆಯನ್ನು ಫಾಲ್ಸ್ ಸೀಲಿಂಗ್ ಒಳಗೆ ಬಿಟ್ಟರೆ ಸಾಕೇ?

‘ಹೊಗೆಕೊಳವೆ ಫಾಲ್ಸ್ ಸೀಲಿಂಗ್ ಒಳಗೆ ಹೋದರೆ ಸಾಕು, ಹೊಗೆ ಅಲ್ಲೇ ಆರಿಹೋಗುತ್ತದೆ’, ‘ವಾಸನೆ ಬರದಿದ್ದರೆ ಅಪಾಯವಿಲ್ಲ’. ಗ್ಯಾಸ್ ಗೀಸರ್ ಹಾಕಿಸುವಾಗ ಈ ಎರಡು ಮಾತುಗಳನ್ನು ನೀವೂ ಕೇಳಿರಬಹುದು. ಇವು ನಿಜವೇ? ಪರಿಶೀಲಿಸೋಣ.

ಹೊಗೆ ಕಾಣದಿರುವುದೇ ಅಪಾಯ

ಸಾವನದುರ್ಗದ ತಪ್ಪಲಿನ ಹಳೆಯ ಮನೆಗಳಲ್ಲಿ ಹಂಡೆ ಒಲೆಯ ಹೊಗೆ ಗೂಡಿನ ಮೂಲಕ ಹೊರಹೋಗುತ್ತಿತ್ತು. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳ ಬಾಯ್ಲರ್ ಚಿಮಣಿಯೂ ಛಾವಣಿ ದಾಟಿಯೇ ನಿಲ್ಲುತ್ತದೆ. ಸೌದೆ ಹೊಗೆ ಕಣ್ಣು ಉರಿಸುತ್ತದೆ, ಹಾಗಾಗಿ ಅದನ್ನು ಹೊರಹಾಕಲು ಯಾರೂ ಮರೆಯುವುದಿಲ್ಲ. ಗ್ಯಾಸ್ ಉರಿಯ ಹೊಗೆ ಮಾತ್ರ ಕಾಣುವುದೇ ಇಲ್ಲ.

ಒಂದು ಲೆಕ್ಕ ನೋಡಿ. ಮನೆಬಳಕೆಯ ಗೀಸರ್ ಕಾಲು ಗಂಟೆಯಲ್ಲಿ ಸುಮಾರು ಕಾಲು ಕೆ.ಜಿ. ಎಲ್‌ಪಿಜಿ ಉರಿಸುತ್ತದೆ. ಅದಕ್ಕೆ ಸುಮಾರು 3 ಘನ ಮೀಟರ್ ಗಾಳಿ ಬೇಕು. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದೇ ಸುಮಾರು 5.4 ಘನ ಮೀಟರ್. ಚಳಿಗೆಂದು ಕಿಟಕಿ ಮುಚ್ಚಿದರೆ ಆಮ್ಲಜನಕ ಕಡಿಮೆಯಾಗಿ, ಗ್ಯಾಸ್ ಅರೆಬರೆ ಉರಿದು, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಸಿಲಿಂಡರ್ ಸೋರಿದಾಗ ಬರುವ ವಾಸನೆ, ಎಲ್‌ಪಿಜಿಗೆ ಬೇಕೆಂದೇ ಬೆರೆಸಿದ ರಾಸಾಯನಿಕದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂಗನ್ನು ನಂಬಿ ಕೂರುವಂತಿಲ್ಲ.

ಸೀಲಿಂಗ್ ಒಳಗೆ ಏನಾಗುತ್ತದೆ?

ಅಲ್ಲಿ ಬಿಟ್ಟ ಹೊಗೆ ಆರುವುದಿಲ್ಲ. ದೀಪದ ಸಂದು, ಹಲಗೆಗಳ ನಡುವಿನ ಬಿರುಕಿನಿಂದ ಮತ್ತೆ ಕೋಣೆಗೇ ಇಳಿಯುತ್ತದೆ. ಕೊಳವೆ ಹೊರಗಿನವರೆಗೆ ಇದ್ದರೂ ಕಾಣದ ಜಾಗದಲ್ಲಿ ಜೋಡಣೆ ಬಿಟ್ಟರೆ ಗತಿ ಅದೇ. ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ, ಬಾಯ್ಲರ್ ಕೊಳವೆ ಸೀಲಿಂಗ್ ಒಳಗೆ ಹಾದುಹೋಗುವ ಮನೆಗಳಿಗೆ 2012ರ ಕೊನೆಯೊಳಗೆ ತಪಾಸಣಾ ಕಿಂಡಿ ಇಡಿಸಿಕೊಳ್ಳುವಂತೆ ಗಡುವು ನೀಡಲಾಗಿತ್ತು.

ಕೊಳವೆ ಬದಲಿಸುವಾಗ ಗಮನಿಸಿ

ಇದು ತರಬೇತಿ ಪಡೆದ ತಂತ್ರಜ್ಞರ ಕೆಲಸ. ಆದರೆ ಮನೆಯವರು ನಿಂತು ನೋಡಬೇಕಾದ್ದು ಇಷ್ಟು:

• ಗೀಸರ್‌ನ ಬಾಯಿಗಿಂತ ಸಣ್ಣ ಕೊಳವೆ ಬೇಡ. ಜಾಗ ಸಾಲದೆಂದು ನಡುವೆ ಅಳತೆ ಕುಗ್ಗಿಸುವುದೂ ಬೇಡ.
• ಮೊದಲು ನೇರವಾಗಿ ಮೇಲಕ್ಕೆ ಏರಲಿ, ನಂತರ ತಿರುಗಲಿ. ತಿರುವು ಆದಷ್ಟು ಕಡಿಮೆ ಇರಲಿ. ಅಡ್ಡ ಕೊಳವೆ ಹೊರಬಾಯಿಯ ಕಡೆಗೆ ಏರುತ್ತಾ ಹೋಗಲಿ.
• ಇಕ್ಕಟ್ಟಾದ ಜಾಗವಾದರೆ ತುಂಡುಗಳನ್ನು ಮೊದಲು ನೆಲದ ಮೇಲೆ ಜೋಡಿಸಿ ಅಳತೆ ನೋಡಿ, ಆಮೇಲೆ ಮೇಲೇರಿಸಲಿ.
• ಪಿವಿಸಿ ಹಲಗೆ, ವೈರು, ಮರಕ್ಕೆ ಕೊಳವೆ ತಾಗದಿರಲಿ. ತೂಕ ಜೋಡಣೆಯ ಮೇಲೆ ಬೀಳದಂತೆ ಕ್ಲಾಂಪ್ ಇರಲಿ.
• ಪ್ರತಿ ಜೋಡಣೆಯೂ ಕಾಣುವಂತೆ ಸೀಲಿಂಗ್‌ನಲ್ಲಿ ಕಿಂಡಿ ಇಡಿಸಿ.
• ಹೊರಬಾಯಿ ಬಯಲಿಗೆ ತೆರೆದಿರಲಿ. ಕಿಟಕಿಯ ಪಕ್ಕ ಬೇಡ.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕೆಂಬುದೂ ಪೂರ್ತಿ ನಿಜವಲ್ಲ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ, ಫ್ಯಾನ್ ಕೊಳವೆಯ ಹೊಗೆಯನ್ನೇ ಕೋಣೆಗೆ ಎಳೆಯಬಹುದು. ಬಾಗಿಲಿನ ಕೆಳಭಾಗದಲ್ಲಿ ಗಾಳಿಗಿಂಡಿ ಬೇಕು. ಗೀಸರ್ ಅನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡುವುದು ಇನ್ನೂ ಒಳ್ಳೆಯದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿಕೊಳ್ಳಿ.

ತಲೆಸುತ್ತು ಬಂದರೆ

ತಲೆನೋವು, ವಾಕರಿಕೆ, ತಲೆಸುತ್ತು ಇದರ ಲಕ್ಷಣಗಳು. ಕೂಡಲೇ ಹೊರಬನ್ನಿ, 108ಕ್ಕೆ ಕರೆ ಮಾಡಿ. ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು ಪೂರ್ತಿ ತೆರೆದು, ತಡಮಾಡದೆ ಹೊರಗೆ ಎಳೆದು ತನ್ನಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ.

ನಮ್ಮ ತೀರ್ಮಾನ: ಎರಡೂ ಮಾತುಗಳು ತಪ್ಪು. ಕೊಳವೆ ಬಯಲಿಗೇ ತೆರೆಯಬೇಕು. ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಮನೆಯ ಕೊಳವೆ ಎಲ್ಲಿ ಕೊನೆಯಾಗುತ್ತದೆಂದು ಒಮ್ಮೆ ನೋಡಿಬನ್ನಿ.